ಸಯನ್ ಚಾಳಿನ ಬಾವಿಯವಳು

ಸಯನ್‌ನ ನಮ್ಮ ಚಾಳಿನ ಹಿಂದೆ ಮುಚ್ಚಿದ ಬಾವಿಯೊಂದಿದೆ. ಮೇಲೆ ಕಾಂಕ್ರೀಟ್ ಚಪ್ಪಡಿ, ಅದರ ಮೇಲೆ ಯಾರದೋ ಕೆಟ್ಟುಹೋದ ಸ್ಕೂಟರ್. ಒಳಗೆ ಒಬ್ಬ ಹೆಣ್ಣಿದ್ದಾಳೆ, ಅಮಾವಾಸ್ಯೆಗೆ ಅವಳ ಬಳೆ ಸದ್ದಾಗುತ್ತದೆ ಎಂದು ಚಾಳಿಗೆ ಚಾಳೇ ನಂಬಿದೆ. ನಾನು ಅಲ್ಲೇ ಹುಟ್ಟಿ ಬೆಳೆದವಳು, ಒಂದು ಸಲವೂ ಕೇಳಿಲ್ಲ. ಕೇಳಿದ್ದೇವೆ ಎನ್ನುವವರನ್ನು ಹಿಡಿದು ವಿಚಾರಿಸಿದರೆ, ಕೇಳಿದ್ದು ಅವರಲ್ಲ, ಅವರ ಅತ್ತೆ.

ಅವಳು ಯಾರೆನ್ನುವುದರಲ್ಲೂ ಜಗಳ. ಹಿಂದಿನ ಸಾಲಿನಲ್ಲಿರುವ, ವಿಜಯಪುರ ಕಡೆಯ ಗಾರೆ ಕೆಲಸದ ಅಜ್ಜ, "ಆಕಿ ನಮ್ಮ ಕಡೀ ಹೆಣ್ಮಗಳ್ರೀ. ನೀರು ಸೇದಾಕ ಹೋಗಿ ಕಾಲು ಜಾರಿ ಬಿದ್ಲಂತ," ಎನ್ನುತ್ತಾನೆ. ನಮ್ಮ ಕರಾವಳಿಯವರು ಒಪ್ಪುವುದಿಲ್ಲ. ಅವರ ಪ್ರಕಾರ ಅವಳು ಮದುವೆಯಾಗದ ನಮ್ಮ ಹುಡುಗಿ, ಅಂದರೆ ನನ್ನ ಅಮ್ಮನ ತಂಗಿ. ದೆವ್ವದ ವಿಷಯದಲ್ಲೂ ನಮ್ಮವರು ಪಾಲು ಬಿಟ್ಟುಕೊಡುವ ಪೈಕಿ ಅಲ್ಲ.

ನಾನು ದೆವ್ವವನ್ನು ನಂಬಲಿಲ್ಲ ಸರಿ, ಆದರೆ ಅಮ್ಮನನ್ನೂ ಪೂರ್ತಿ ನಂಬಲಿಲ್ಲ. ಆಟಿ ತಿಂಗಳು, ಅಂದರೆ ಆಷಾಢ ಬಂತೆಂದರೆ, ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು, ನಾವೆಲ್ಲ ಹೊರಗೆ ನಿಲ್ಲುವುದು ಮನೆಯ ಕ್ರಮ. ಅಜ್ಜನಿಗೊಂದು ಎಲೆ, ಅಜ್ಜಿಗೊಂದು, ಮಾವನಿಗೊಂದು. ಚಿಕ್ಕಮ್ಮನಿಗೆ ಮಾತ್ರ ಇಲ್ಲ. ಯಾಕೆಂದು ಕೇಳಿದರೆ ಅಮ್ಮ, "ಅವಳಿಗೆ ಬೇಡ," ಎಂದು ಸೌಟು ತೊಳೆಯಲು ಹೋಗುತ್ತಿದ್ದಳು. ಬಾವಿಕಟ್ಟೆಯ ಮೇಲೆ ಚಿಕ್ಕಮ್ಮನ ಚಪ್ಪಲಿ ಕಂಡವರು ಬೇಕಾದಷ್ಟು ಜನ ಇದ್ದರು. ಹೆಣ ಕಂಡವರು ಒಬ್ಬರೂ ಇರಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಸ್ಮಶಾನಕ್ಕೆ ಒಯ್ದೆವು ಎಂದು ಅಮ್ಮನ ಅಪ್ಪ, ನನ್ನ ಅಜ್ಜ, ಹೇಳಿದ್ದರಂತೆ. ಪಕ್ಕದ ಮನೆಯ ಸಾವಿಗೆ ಇಡೀ ಚಾಳೇ ಕೆಲಸ ಬಿಟ್ಟು ಹೊರಡುವ ಕಡೆ, ಆ ಒಂದು ಸಾವಿಗೆ ಹೆಗಲು ಕೊಡಲು ಯಾರನ್ನೂ ಕರೆಯಲಿಲ್ಲವೆಂದರೆ ಏನರ್ಥ?

ಕಳೆದ ಆಟಿಯಲ್ಲಿ ಘಾಟ್ಕೋಪರ್‌ನ ನನ್ನ ಮನೆಯಿಂದ ಅಮ್ಮನನ್ನು ನೋಡಲು ಚಾಳಿಗೆ ಹೋಗಿದ್ದೆ. ಅದೇ ಹೊತ್ತಿಗೆ ದಹಿಸರ್‌ನಿಂದ ನಮ್ಮ ಜಾತಿಯ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಹೂವು, ಹಣ್ಣು, ಹಸಿರು ಸೀರೆ, ಒಬ್ಬ ಹುಡುಗನ ಫೋಟೋ. ಅವರ ಮಗ ಮದುವೆಗೆ ಮೊದಲೇ ತೀರಿಹೋಗಿದ್ದ. ಈಗ ಅವನ ತಂಗಿಗೆ ಬಂದ ಸಂಬಂಧಗಳೆಲ್ಲ ಮುರಿದುಬೀಳುತ್ತಿವೆ. ಜೋಯಿಸರು ಕವಡೆ ಹಾಕಿ, ಸತ್ತವನಿಗೆ ಮದುವೆಯ ಆಸೆ ಇದೆ ಎಂದರಂತೆ. ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನೇ ಹುಡುಕಿ, ಬಳಿ, ಅಂದರೆ ಕುಲಗೋತ್ರ ನೋಡಿ, ಧಾರೆ ಎರೆದುಕೊಡುವ ಪದ್ಧತಿ ನಮ್ಮಲ್ಲಿದೆ. ಸತ್ತವರಿಗೆ ವಯಸ್ಸಾಗುವುದಿಲ್ಲವಲ್ಲ, ಹಾಗಾಗಿ ಚಿಕ್ಕಮ್ಮ ಇವತ್ತಿಗೂ ಮದುವೆಗೆ ಬಂದ ಹುಡುಗಿಯೇ.

ಹೊಸ ಸಂಬಂಧದ ಮರ್ಯಾದೆಗೋ ಏನೋ, ಇಬ್ಬರೂ ತುಳು ಬಿಟ್ಟು ಕನ್ನಡದಲ್ಲಿ ಮಾತಾಡಿದರು.

"ಬಳಿ ಕೂಡಿ ಬರ್ತದೆ, ಕೇಳಿಯೇ ಬಂದದ್ದು. ನೀವು ಮನಸ್ಸು ಮಾಡಿದ್ರೆ ನನ್ನ ಮಗಳಿಗೊಂದು ದಾರಿ ಆಗ್ತದೆ ಅಕ್ಕ."

"ನಮ್ಮಿಂದ ಆಗ್ಲಿಕ್ಕಿಲ್ಲ," ಎಂದಳು ಅಮ್ಮ.

"ಹುಡುಗನಲ್ಲಿ ಏನಾದ್ರೂ ಕೊರತೆ ಉಂಟಾ?"

ಬೇಕೆಂದೇ ನಾನು ಬಾಯಿ ಹಾಕಿದೆ. "ಒಪ್ಪಿಕೊಳ್ಳಮ್ಮ. ಸತ್ತವಳಿಗೆ ನಷ್ಟ ಏನುಂಟು?"

ಅಮ್ಮ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಿತ್ತು. ಸೀರೆಯನ್ನು ಮೆಲ್ಲನೆ ಅವರ ಕಡೆಗೆ ಸರಿಸಿದಳು.

"ಜೀವ ಇರುವವಳನ್ನು ಸತ್ತವನಿಗೆ ಧಾರೆ ಎರೆದ್ರೆ ಅವಳ ಗತಿ ಏನು? ನನ್ನ ತಂಗಿ ಬಾವಿಗೆ ಬೀಳಲಿಲ್ಲ. ಚಾಳಿನ ಹಿಂದೆ ಬಿಲ್ಡಿಂಗ್ ಕಟ್ತಿದ್ದ ಬೇರೆ ಜಾತಿಯ ಮೇಸ್ತ್ರಿಯ ಒಟ್ಟಿಗೆ ಹೋದದ್ದು. ಚಪ್ಪಲಿ ತಂದು ಇಟ್ಟದ್ದು ಅಪ್ಪ."

ನನ್ನ ಅನುಮಾನ ನಿಜವಾಯಿತೆಂದು ಖುಷಿಯಾಗಬೇಕಿತ್ತು. ಮೈಯೆಲ್ಲ ಉರಿಯಿತು. ಬೇರೆ ಜಾತಿಯವನ ಜೊತೆ ಹೋದ ಮಗಳಿಗಿಂತ ಬಾವಿಯಲ್ಲಿರುವ ಮಗಳೇ ಅಜ್ಜನ ಮರ್ಯಾದೆಗೆ ಸರಿಹೋದಳು. ಚಾಳು ಆ ಸುಳ್ಳಿಗೆ ಬಳೆ ತೊಡಿಸಿತು. ಅಮ್ಮ ಬಾಯಿ ಮುಚ್ಚಿಕೊಂಡು ಕೂತಳು, ಎಲೆಯೊಂದನ್ನು ಹಾಕದೆ ಉಳಿಸಿದಳು, ಅಷ್ಟೇ.

ಆ ಹೆಂಗಸು ಸಿಟ್ಟಾಗಲಿಲ್ಲ. "ಈಗ ಎಲ್ಲಿದ್ದಾಳೆ?" ಎಂದು ಕೇಳಿದರು.

"ಗೊತ್ತಿಲ್ಲ."

"ಹುಡುಕಲಿಲ್ವಾ?"

"ಸತ್ತಳು ಅಂತ ಎಲ್ಲರಿಗೂ ಹೇಳಿ ಆಗಿತ್ತಲ್ಲ. ಮತ್ತೆ ಹೇಗೆ ಹುಡುಕುವುದು?"

ಅವರು ಸೀರೆ ಮಡಚಿ ಚೀಲಕ್ಕೆ ಹಾಕಿದರು. ಫೋಟೋವನ್ನು ಸೆರಗಿನಲ್ಲಿ ಒರೆಸಿ ಅದರ ಮೇಲಿಟ್ಟರು.

"ನನ್ನ ಮಗ ಎಲ್ಲೋ ಬದುಕಿದ್ದಾನೆ ಅಂತ ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ, ನಾನು ಈ ಊರಿನ ಒಂದೊಂದು ಬಾಗಿಲೂ ತಟ್ತಿದ್ದೆ ಅಕ್ಕ."

ಅಮ್ಮನಿಗೆ ಏಳಲಾಗಲಿಲ್ಲ. ಅವರನ್ನು ಬಾಗಿಲ ತನಕ ಬಿಟ್ಟು ಬಂದವಳು ನಾನೇ.