ಸಮಾಚಾರದ ಸಿಸ್ಟರ್

ಸೂಜಿಯ ಮುಂದೆ ಕಣ್ಣು ಮಿಟುಕಿಸದ ಗಂಡಸು ನಮ್ಮ ಬೀದಿಯಲ್ಲಿ ನಾನೊಬ್ಬನೇ ಎಂದು ಎಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಆಸ್ಪತ್ರೆಯ ಇಂಜೆಕ್ಷನ್ ಕೋಣೆಯ ಸಿಸ್ಟರ್ ಮಾತ್ರ ಅದನ್ನು ನಂಬಿದಂತಿಲ್ಲ. ಆಕೆಯನ್ನು ಎಲ್ಲರೂ ಕರೆಯುವುದು ‘ಸಮಾಚಾರದ ಸಿಸ್ಟರ್’ ಎಂದೇ. ಒಂದು ಕೈಯಲ್ಲಿ ಹತ್ತಿ, ಇನ್ನೊಂದರಲ್ಲಿ ಸಿರಿಂಜು, ಬಾಯಲ್ಲಿ ಇಡೀ ಜಗತ್ತು. ಬೆಳಗಿನ ಪೇಪರಿನ ಚುನಾವಣೆ, ಭೂಕಂಪ, ಕ್ರಿಕೆಟ್ಟೆಲ್ಲ ಹತ್ತು ಗಂಟೆಯೊಳಗೆ ಯಾರದೋ ತೋಳಿಗೆ ಇಳಿದಿರುತ್ತವೆ. “ಬಚ್ಚಲಲ್ಲಿ ಎಲ್ಲರ ಹಾಡೂ ಚೆನ್ನಾಗಿ ಕೇಳ್ಸೋದು ಯಾಕೆ ಹೇಳಿ? ಗೋಡೆ ನಮ್ಮ ದನೀನ ನಮಗೇ ವಾಪಸ್ ಕೊಡುತ್ತೆ” ಎಂದಳಂತೆ ಒಬ್ಬ ಪೈಲ್ವಾನನಿಗೆ. ಅವನು ಚುಚ್ಚಿಸಿಕೊಂಡು ಮನೆಗೆ ಹೋಗಿ, ಸ್ನಾನ ಮಾಡುತ್ತ ಎರಡು ಹಾಡು ಹಾಡಿ, ಆಮೇಲೆ “ಅಯ್ಯೋ” ಎಂದನಂತೆ. ಹೇಳಿದ್ದನ್ನೇ ಹೇಳಬಾರದೆಂದು ಯಾರಿಗೆ ಏನು ಹೇಳಿದೆ ಎಂಬುದನ್ನು ಆಕೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಮೊನ್ನೆ ಅದರ ಮೇಲೆ ಕಣ್ಣು ಹಾಯಿಸಿದೆ. ದಿನಾ ಇಂಜೆಕ್ಷನ್‌ಗೆ ಬರುವ ಒಬ್ಬ ಅಜ್ಜಿಯ ಪುಟದಲ್ಲಿ ಸಮಾಚಾರವೆಲ್ಲ ಅರ್ಧರ್ಧ. ಯಾಕೆಂದು ಕೇಳಿದೆ. “ಮೂರನೇ ದಿನವೇ ‘ಸಾಕಮ್ಮ, ನಾಳೆಯಿಂದ ಬರಲ್ಲ’ ಅಂದ್ಬಿಟ್ರು. ಉಳಿದರ್ಧ ಕೇಳೋಕಾದ್ರೂ ಬರ್ತಾರಲ್ಲ ಅಂತ.” ಅಂದು ಅಜ್ಜಿ ಚುಚ್ಚಿಸಿಕೊಂಡು ಹೋಗಿದ್ದು ನಲವತ್ತನೇ ಇಂಜೆಕ್ಷನ್. ನಾನು ತೋಳು ಚಾಚಿ ಬಿಗಿಯಾಗಿ ಕೂತೆ. “ನನ್ನ ಹತ್ರ ಈ ಆಟ ನಡೆಯಲ್ಲಮ್ಮ, ಸುಮ್ನೆ ಚುಚ್ಚು.” “ಆಯ್ತು ತಾತ. ಆಕ್ಟೋಪಸ್‌ಗೆ ಹೃದಯ ಎಷ್ಟು?” “ಮೂರು! ನನಗೆ ಗೊತ್ತಿಲ್ವಾ? ಈಗ ಚುಚ್ಚು.” “ಚುಚ್ಚಿ ಆಗ್ಲೇ ಹತ್ತೀನೂ ಇಟ್ಟಾಯ್ತು ತಾತ. ಇನ್ನು ಕಣ್ಣು ಬಿಡಿ, ಹಾಗೇ ನನ್ನ ಕುರ್ಚಿ ಕೈನೂ ಬಿಡಿ, ಮುರಿದೋಗುತ್ತೆ.”