ಗರಿ ಕಟ್ಟಿದ ದೋಣಿಗೆ ಉಡಿ ತುಂಬಿದೆ

ನೀರಿನ ಮೇಲೆ ಅನಾನಸುಗಳು ಜೋತಾಡುತ್ತಿದ್ದವು. ಉದ್ದನೆಯ ಬಿದಿರು ಗಳದ ತುದಿಗೆ, ನನ್ನ ತಲೆಗಿಂತ ಎಷ್ಟೋ ಎತ್ತರದಲ್ಲಿ. ಪಕ್ಕದ ದೋಣಿಯ ಗಳಕ್ಕೆ ಕುಂಬಳಕಾಯಿ, ಅದರಾಚೆಯದಕ್ಕೆ ಗೆಣಸು. ಕೂಗುವವರೇ ಇಲ್ಲ. ನಮ್ಮ ಸಿಂಧನೂರಿನ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವನ ದನಿ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತದೆ. ಇಲ್ಲಿ ಇಂಜಿನ್ನಿನ ಗದ್ದಲದಲ್ಲಿ ಕೂಗಿ ಉಪಯೋಗವಿಲ್ಲವೆಂದು ಮಾರುವ ಮಾಲನ್ನೇ ಗಳಕ್ಕೆ ಕಟ್ಟಿ ಎತ್ತಿಬಿಡುತ್ತಾರೆ. ಆ ಗಳಕ್ಕೆ ‘ಕೈ ಬೆವ್’ ಅನ್ನುತ್ತಾರೆ.

ವಿಯೆಟ್ನಾಮಿನ ಕಾಂತೊ ಊರಿಗೆ ನಾವು ಬಂದದ್ದು ಅಕ್ಕಿ ಗಿರಣಿಯ ದೆಸೆಯಿಂದ. ನಮ್ಮನೆಯವರು ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಮಷೀನು ರಿಪೇರಿ ಮಾಡುತ್ತಿದ್ದರು, ಈಗ ಇಲ್ಲಿ ಅದೇ ಕೆಲಸ. ಮನೆಯ ಹಿಂದೆ ಭತ್ತ, ಮುಂದೆ ಕಾಲುವೆ, ಕಣ್ಣಿಗೆ ನನ್ನ ತವರು ಬಳಗಾನೂರೇ. ಬಾಯಿಗೆ ಮಾತ್ರ ಅಲ್ಲ. ಜೋಳದ ಹಿಟ್ಟು ಸಿಗುವುದಿಲ್ಲ, ಮೀನಿನ ರಸ ಹಾಕದ ಅಡುಗೆಯೂ ಅಪರೂಪ. ‘ಚಾಯ್’ ಎಂದರೆ ಇಲ್ಲಿ ಸಸ್ಯಾಹಾರ. ಆ ಒಂದು ಮಾತನ್ನು ಸರಿಯಾಗಿ ಅಂದು ಊಟ ಪಡೆದ ದಿನ ಮನೆಗೆ ಬಂದು ಕುಣಿದಿದ್ದೆ.

ನದಿಯ ಸಂತೆಗೆ ಹೋದ ದಿನ ಬಳಗಾನೂರಲ್ಲಿ ನನ್ನ ತಂಗಿ ಅನ್ನಪೂರ್ಣಳ ಮದುವೆ. ವೀಸಾ ಹೊಸದು ಮಾಡಿಸಲು ಕೊಟ್ಟ ನನ್ನ ಪಾಸ್‌ಪೋರ್ಟು ಇಲ್ಲಿನ ಕಚೇರಿಯಲ್ಲೇ ಕೂತಿತ್ತು, ಹೋಗಲಾಗಲಿಲ್ಲ. ಗೋಡೆ ನೋಡುತ್ತ ಕೂತವಳನ್ನು ನಮ್ಮನೆಯವರು, “ಹಿಂಗ ಮಾರಿ ಸಪ್ಪಗ ಮಾಡ್ಕೊಂಡು ಕುಂತ್ರ ಏನ್ ಬಂತು? ಏಳು, ಹೊಳಿ ಸಂತಿ ನೋಡಿ ಬರೂಣು,” ಎಂದು ಎಬ್ಬಿಸಿದರು. ಚೂರುಪಾರು ಇಂಗ್ಲಿಷ್ ಬಲ್ಲ ಪಕ್ಕದ ಮನೆಯ ಲಾನ್ ಜೊತೆಗೆ ಬಂದಳು. ತಂಗಿಯ ಹೆಸರಲ್ಲಿ ಹೊಳೆಗೆ ಉಡಿ ಕೊಡೋಣವೆಂದು ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಬಟ್ಟೆ, ರೂಢಿಯಂತೆ ಒಂದು ನೋಟು ಚೀಲಕ್ಕೆ ಹಾಕಿಕೊಂಡೆ. ಒಡಹುಟ್ಟಿದವಳ ಮದುವೆಯ ದಿನ ಸಂತೆ ತಿರುಗಲು ಹೊರಟೆನಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು.

ಸಂತೆಯ ಅಂಚಿನಲ್ಲಿ, ನಮ್ಮ ಬಾಡಿಗೆ ದೋಣಿಗೆ ತಾಗಿದಂತೆ, ಒಂದು ದೋಣಿ ನಿಂತಿತ್ತು. ಗಳಕ್ಕೆ ಹಣ್ಣಿಲ್ಲ, ಕಾಯಿಲ್ಲ; ಒಂದು ಹಸಿ ತೆಂಗಿನ ಗರಿ ಮಾತ್ರ. ಮದುವೆಯ ಹಂದರಕ್ಕೆ ಗರಿ ಕಟ್ಟುವ ಊರಿನವಳು ನಾನು, ಎದೆ ತುಂಬಿ ಬಂತು.

“ರೀ, ಇವ್ರ ಮನ್ಯಾಗೂ ಮದುವಿ ಐತ್ರೀ,” ಎಂದೆ.

ಲಾನ್ ಆಚೆ ತಿರುಗಿ ನೂಡಲ್ಸ್ ಮಾರುವವಳೊಂದಿಗೆ ಮಾತಾಡುತ್ತಿದ್ದಳು. ಹೊಳೆಗೆಂದು ತಂದದ್ದನ್ನು ನಾನು ಆ ದೋಣಿಯ ಹೆಂಗಸಿಗೆ ಕೊಟ್ಟೆ. ಅವಳ ಹೆಗಲ ಚೌಕಳಿ ವಸ್ತ್ರವನ್ನೇ ಸೆರಗೆಂದುಕೊಂಡು ಉಡಿ ತುಂಬಿದೆ. ‘ಚುಕ್ ಮುಂಗ್’ ಎಂದೆ, ಶುಭಾಶಯ ಅಂತ. ಅವಳು ಮೊದಲು ತಬ್ಬಿಬ್ಬಾದಳು. ನೋಟು ಕಂಡು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಬಾಯ್ತುಂಬ ನಕ್ಕು, ಗಳ ಬಾಗಿಸಿ ಗರಿಯನ್ನು ಬಿಚ್ಚಿಬಿಟ್ಟಳು.

ಲಾನ್ ತಿರುಗಿ ನೋಡಿ, “ದೋಣಿ ನೀವು ಕೊಂಡಿರಾ?” ಎಂದಳು.

ಗರಿ ಕಟ್ಟಿದರೆ ದೋಣಿಯೇ ಮಾರಾಟಕ್ಕಿದೆ ಎಂದು ಅರ್ಥವಂತೆ. ಅದು ಅವಳ ಮನೆಯೂ ಹೌದು. ಅಡುಗೆ, ನಿದ್ದೆ ಎಲ್ಲ ಅದರಲ್ಲೇ. ಲಾನ್ ಅವಳನ್ನು ಕೇಳಿ ಹೇಳಿದಳು: ಸಂತೆಗೆ ಜನ ಕಡಿಮೆಯಾಗಿದ್ದಾರೆ, ದೋಣಿ ಮಾರಿ ದಡದಲ್ಲಿರುವ ಮಗಳ ಜೊತೆ ಇರಬೇಕು, ಇಷ್ಟು ದಿನ ಕೇಳುವವರೇ ಬಂದಿರಲಿಲ್ಲ.

“ಸಂಚಕಾರ ಕೊಟ್ಟಂಗಾತಲ್ಲ,” ನಮ್ಮನೆಯವರ ದನಿ ಇಳಿಯಿತು. ವ್ಯವಹಾರ ಪಕ್ಕಾ ಮಾಡಲು ನಮ್ಮಲ್ಲಿ ಕೊಡುವ ಮುಂಗಡ ಅದು.

“ನೀವ ಹೇಳ್ರಿ ಆಕಿಗೆ.”

“ಉಡಿ ತುಂಬಿದಾಕಿ ನೀ. ನೀನ ಹೇಳು.”

ಬಂದಷ್ಟು ಭಾಷೆಯಲ್ಲಿ ಹೇಳಿದೆ. ಕೊಳ್ಳುವುದಿಲ್ಲ. ತಂಗಿ. ಮದುವೆ. ಇವತ್ತು. ನಾನು ಹೋಗಲಿಲ್ಲ. ಉಳಿದದ್ದನ್ನು ಲಾನ್ ಹೇಳಿದಳು. ಹೆಂಗಸಿನ ನಗು ನಿಂತಿತು. ನೋಟನ್ನು ಮರಳಿಸಲು ಬಂದಾಗ ನಾನು ಕೈ ಹಿಂದೆ ಕಟ್ಟಿಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ, “ತಂಗಿಗೆ ನಿನ್ನ ಮೇಲೆ ಸಿಟ್ಟಿದೆಯಾ?” ಎಂದು ಲಾನ್ ಮೂಲಕ ಕೇಳಿದಳು. ನನಗೂ ಗೊತ್ತಿರಲಿಲ್ಲ.

ಆಮೇಲೆ ಗರಿಯ ಬುಡವನ್ನು ಗಳಕ್ಕೆ ಒತ್ತಿ ಹಿಡಿದು, ದಾರವನ್ನು ನನ್ನ ಕೈಗಿಟ್ಟಳು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ನಮ್ಮ ಮನೆತನದಲ್ಲಿ ಹಂದರಕ್ಕೆ ಮೊದಲ ಗರಿ ಹಿರಿಯ ಮಗಳು ಕಟ್ಟಬೇಕು. ಅಲ್ಲಿ ಯಾರು ಕಟ್ಟಿದರೋ, ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ. ಇಲ್ಲಿ, ಈ ಮನೆ ಮಾರಾಟಕ್ಕಿದೆ ಎಂದು ಸಾರುವ ಗರಿಯನ್ನು ನನ್ನ ಕೈಯಾರೆ ಗಟ್ಟಿಯಾಗಿ ಕಟ್ಟಿ ಬಂದೆ.