ನಾನು ಎತ್ತದ ತಾಟು

ಅಹಿಂಸೆ ಎಂದರೆ ತಲೆ ತಗ್ಗಿಸಿಕೊಂಡು ಇರುವುದು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಾನು ಅದನ್ನು ಕಲಿತ ರೀತಿಯೇ ಬೇರೆ.

ಬಸವಕಲ್ಯಾಣದಲ್ಲಿ ನನ್ನ ಅಪ್ಪನದು ಬಟ್ಟೆ ಅಂಗಡಿ. ಅಕ್ಟೋಬರ್ ಎರಡರಂದು, ಮಹಾತ್ಮನ ಜಯಂತಿಯ ದಿನ, ಪೇಟೆಯಲ್ಲಿ ಫೋಟೊಗೆ ಹಾರ ಬೀಳುತ್ತಿತ್ತು, ಭಾಷಣಗಳಾಗುತ್ತಿದ್ದವು. ಅಪ್ಪ ಅಲ್ಲಿಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ನಮ್ಮನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ, ಮುಂದಿನ ಜಯಂತಿಯವರೆಗೆ ನಡೆಸಬೇಕಾದ ಒಂದು ವ್ರತ ಹಿಡಿಸುತ್ತಿದ್ದರು. ಒಂದು ವರ್ಷ ಮಕ್ಕಳ ಮೇಲೆ ಕೈ ಎತ್ತಬಾರದು. ಇನ್ನೊಂದು ವರ್ಷ ಅಂಗಡಿಯ ಆಳುಗಳನ್ನು ಬೈಯಬಾರದು. ಬೀದಿನಾಯಿಗೆ ಕಲ್ಲು ಎಸೆಯಬಾರದು ಎಂಬ ವರ್ಷವನ್ನು ದಾಟಲು ನನ್ನ ತಮ್ಮ ಬಹಳ ಒದ್ದಾಡಿದ.

“ಹಾರ ಹಾಕೋರು ಊರಾಗ ಭಾಳ ಮಂದಿ ಅದಾರ. ನಾವು ಇಷ್ಟು ಮಾಡೋಣು” ಎನ್ನುತ್ತಿದ್ದರು ಅಪ್ಪ.

ತೊಂಬತ್ತರ ದಶಕದ ನಡುವೆ ನನ್ನನ್ನು ಹುಮನಾಬಾದಿಗೆ ಕೊಟ್ಟರು. ಮಾವನದು ಅಡತಿ ಅಂಗಡಿ. ಸುತ್ತಲಿನ ರೈತರು ತೊಗರಿ, ಜೋಳ ತಂದು ಅವರ ಮೂಲಕ ಮಾರುತ್ತಿದ್ದರು. ಅಂಗಡಿಯಲ್ಲಿ ಅವರದು ಎಷ್ಟು ತಣ್ಣನೆಯ ಮಾತು! ಮನೆಗೆ ಬಂದರೆ ತಾಟು ಎಸೆಯುತ್ತಿದ್ದರು. ಬೇಳೆಗೆ ಉಪ್ಪು ಕಡಿಮೆಯಾದರೆ, ರೊಟ್ಟಿ ಆರಿದ್ದರೆ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ, ತುಂಬಿದ ತಾಟು ಗೋಡೆಗೆ ಬಡಿಯುತ್ತಿತ್ತು. ಅತ್ತೆ ತುಟಿ ಪಿಟಕ್ಕೆನ್ನದೆ ಎದ್ದು ಬಂದು ತಾಟು ಎತ್ತುತ್ತಿದ್ದರು, ನೆಲ ಒರೆಸುತ್ತಿದ್ದರು, ಬೇರೆ ತಾಟಿನಲ್ಲಿ ಬಿಸಿಯಾಗಿ ಬಡಿಸುತ್ತಿದ್ದರು. ಮಾವ ಏನೂ ಆಗಿಲ್ಲವೆಂಬಂತೆ ಉಣ್ಣುತ್ತಿದ್ದರು. ಹೊಡೆತ ಬೀಳದ ಮನೆ ಎಂದು ಬೀಗರ ನಡುವೆ ನಮಗೆ ಒಳ್ಳೆಯ ಹೆಸರಿತ್ತು.

ಮದುವೆಯಾದ ಮೇಲಿನ ಮೊದಲ ಜಯಂತಿ ಬಂತು. ನಾನು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ವ್ರತ ಹಿಡಿದೆ: ಈ ವರ್ಷ ಯಾರ ಮೇಲೂ ಸಿಟ್ಟು ಕಾರುವುದಿಲ್ಲ, ಯಾರ ಸಿಟ್ಟನ್ನೂ ಒರೆಸುವುದಿಲ್ಲ.

ಕೆಲವೇ ದಿನಗಳಲ್ಲಿ ಅದರ ಪರೀಕ್ಷೆಯಾಯಿತು. ಅತ್ತೆ ಜ್ವರದಿಂದ ಮಲಗಿದ್ದರು, ಬಡಿಸಿದ್ದು ನಾನು. ಪುಂಡಿಪಲ್ಯದ ತಾಟು ನನ್ನ ಕಾಲ ಹತ್ತಿರ ಬಂದು ಬಿತ್ತು. ನಾನು ಕದಲಲಿಲ್ಲ.

“ಎತ್ತು” ಎಂದರು ಮಾವ.

“ನಾ ಒಗದಿಲ್ರಿ ಮಾವಾರ. ನೀವು ಎತ್ತಿ ಕೊಡ್ರಿ, ತೊಳದು ಮತ್ತ ಬಡಸ್ತೀನಿ.”

ಮಾವ ನನ್ನನ್ನೇ ನೋಡಿ, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಆಮೇಲೆ ಅವರು ಖಾನಾವಳಿಯಲ್ಲಿ ಉಂಡರೆಂದು ತಿಳಿಯಿತು. ತಾಟು ಅಲ್ಲೇ ಬಿದ್ದಿತ್ತು. ಜ್ವರದಲ್ಲೇ ಎದ್ದು ಬಂದ ಅತ್ತೆಯ ಕೈ ಹಿಡಿದು ತಡೆದೆ.

ಗಂಡ ಬಂದವರು ಹಣೆ ಹಿಸುಕಿಕೊಂಡರು. “ಒಂದು ತಾಟು ಎತ್ತಿದ್ರ ನಿಂದೇನ್ ಹೋಗ್ತದ?”

“ನೀವ್ ಎತ್ರಿ. ನಿಮ್ದೇನ್ ಹೋಗ್ತದ ನೋಡೋಣು.”

ಅವರೂ ಎತ್ತಲಿಲ್ಲ. ಎತ್ತಿದರೆ ತಮ್ಮ ಅಪ್ಪನ ತಪ್ಪನ್ನು ಒಪ್ಪಿದ ಹಾಗೆ. ಅಷ್ಟು ಧೈರ್ಯ ಅವರಿಗಿರಲಿಲ್ಲ. ಪಲ್ಯ ಒಣಗಿ ನೆಲಕ್ಕೆ ಅಂಟಿತು, ಇರುವೆ ಹತ್ತಿತು. ನಾವು ಅದನ್ನು ಸುತ್ತು ಹಾಕಿಕೊಂಡು ಓಡಾಡಿದೆವು.

ಮರುದಿನ ಘಾಟಬೋರಾಳದ ಹಿರಿಯ ರೈತರೊಬ್ಬರನ್ನು ಮಾವ ಊಟಕ್ಕೆ ಕರೆತಂದರು. ಪರರ ಮುಂದೆ ನಾನು ಸೋಲುತ್ತೇನೆಂದು ಎಣಿಸಿದ್ದಿರಬೇಕು. ಆ ಕಾಕಾ ಕೂತವರೇ ಮೂಗಿನ ಮೇಲೆ ಬೆರಳಿಟ್ಟರು. “ಇದೇನ್ರಿ ಸಾವಕಾರ್ರ, ತಾಟು ಇಲ್ಲಿ ಬಿದ್ದದ?”

“ಬೆಕ್ಕು ಕೆಡವ್ಯದ” ಎಂದರು ಮಾವ.

“ಬೆಕ್ಕಲ್ರಿ ಕಾಕಾ” ಎಂದೆ ನಾನು, ರೊಟ್ಟಿ ಬಡಿಸುತ್ತ.

ಅಷ್ಟೇ. ಹೆಚ್ಚು ಹೇಳಬೇಕಾಗಲಿಲ್ಲ. ಆ ಹಿರಿಯರು ತಲೆ ತಗ್ಗಿಸಿ ಅರ್ಧ ರೊಟ್ಟಿ ತಿಂದು ಎದ್ದರು. ಸಂಜೆಯ ಬಸ್ಸಿಗೆ ನನ್ನನ್ನು ತವರಿಗೆ ಕಳಿಸಲಾಯಿತು.

ಬಸವಕಲ್ಯಾಣದಲ್ಲಿ ನನಗೆ ಇನ್ನೊಂದು ಪೆಟ್ಟು ಕಾದಿತ್ತು. ಕಥೆಯೆಲ್ಲ ಕೇಳಿದ ಅಪ್ಪ ಬಟ್ಟೆಯ ಥಾನು ಸುತ್ತುತ್ತ ಹೇಳಿದರು: “ಸ್ವಲ್ಪ ತಗ್ಗಿ ನಡೀಬೇಕವ್ವಾ. ಹೆಣ್ಣು ಕೊಟ್ಟೋರು ನಾವು.”

“ವರ್ಷಾ ವರ್ಷಾ ಪಡಸಾಲ್ಯಾಗ ಕೂಡಿಸಿ ಹೇಳಿದ್ದು ಗಂಡಸ್ರಿಗಷ್ಟೇ ಏನಪ್ಪಾ? ಆ ಮಹಾತ್ಮ ಬ್ರಿಟಿಷರ ಮುಂದ ತಗ್ಗಿ ನಡದಿದ್ನೇನು?”

ಅಪ್ಪ ಥಾನನ್ನು ಕಪಾಟಿಗೆ ಏರಿಸಿದರು. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತೂ ಆಡಲಿಲ್ಲ. ಆಮೇಲೊಂದು ಬೆಳಿಗ್ಗೆ ನಾನು ಚೀಲ ಹಿಡಿದು ಹೊರಟಾಗ ಕೋಟು ಹಾಕಿಕೊಂಡು ಬಾಗಿಲಿಗೆ ಬಂದರು. “ನಡಿ, ನಾ ಬಂದು ಮಾತಾಡ್ತೀನಿ.”

“ಬ್ಯಾಡ್ರಿ. ನೀವ್ ಬಂದ್ರ ಕೈ ಮುಗೀತೀರಿ.”

ಯಾರೂ ಕರೆಯದೆ, ಯಾರ ಜೊತೆಯೂ ಇಲ್ಲದೆ, ನಾನೇ ಹುಮನಾಬಾದಿನ ಬಸ್ಸು ಹತ್ತಿ ನನ್ನ ಮನೆಗೆ ಹೋದೆ. ಹೌದು, ನನ್ನ ಮನೆಗೆ. ನೆಲ ಸ್ವಚ್ಛವಾಗಿತ್ತು, ಅತ್ತೆ ತೊಳೆದಿದ್ದರು. ನನ್ನ ಮುಖ ನೋಡಿದವರೇ ಅವರು ಒಲೆಯ ಕಡೆ ತಿರುಗಿಕೊಂಡರು. ನಾನು ಏನೂ ಕೇಳದೆ ಹಿಟ್ಟು ನಾದಲು ಕೂತೆ. ಮಾವ ನನ್ನೊಂದಿಗೆ ಮಾತು ಬಿಟ್ಟಿದ್ದರು. ನಾನು ಎಂದಿನಂತೆ “ಚಾ ತಗೋರಿ ಮಾವಾರ” ಎನ್ನುತ್ತಲೇ ಇದ್ದೆ. ಅವರನ್ನು ದ್ವೇಷಿಸದೆ ಇರುವುದು ನನ್ನ ವ್ರತದ ಅತಿ ಕಠಿಣ ಭಾಗವಾಗಿತ್ತು. ಕೆಲವು ದಿನ ಅದು ನನ್ನಿಂದ ಆಗಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮತ್ತೆ ತಾಟು ಹಾರಿತು. ಬೇಳೆ ಗೋಡೆಯ ಮೇಲಿಂದ ಇಳಿಯತೊಡಗಿತು. ನಾನು ಕೈಕಟ್ಟಿ ನಿಂತೆ. ಮಾವ ನನ್ನತ್ತ ನೋಡಲಿಲ್ಲ. ಅತ್ತೆಯನ್ನು ನೋಡಿ “ಏ, ಈಕಡಿ ಬಾ” ಎಂದರು.

ಅತ್ತೆ ಎದ್ದರು. ಮತ್ತೆ ಒರೆಸಲು ಹೊರಟರು ಎಂದುಕೊಂಡೆ. ಆದರೆ ಅವರು ತಾಟಿನ ಕಡೆ ಹೋಗಲಿಲ್ಲ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದರು, ಮೇಲೆ ಪಲ್ಯ ಹಾಕಿಕೊಂಡರು, ಗಂಡನ ಎದುರೇ ಕೂತು ಉಣ್ಣತೊಡಗಿದರು. ಆ ಮನೆಯಲ್ಲಿ ಅವರು ಗಂಡಸರಿಗಿಂತ ಮೊದಲು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಹಸಿವಾಗ್ಯದ” ಎಂದರು ಅತ್ತೆ, ತುತ್ತು ಮುರಿಯುತ್ತ. “ನಿಮಗೂ ಆಗಿದ್ರ ತಾಟು ತರ್ರಿ.”

ಅತ್ತೆ ಎರಡನೆಯ ರೊಟ್ಟಿ ತೆಗೆದುಕೊಂಡರು. ಕೊನೆಗೆ ಮಾವ ಎದ್ದು ಹೋಗಿ ತಾಟು ಎತ್ತಿದರು. ನಮ್ಮ ಕೈಗೆ ಕೊಡಲಿಲ್ಲ, ಬಚ್ಚಲಲ್ಲಿ ದಡಕ್ಕನೆ ಇಟ್ಟು ಹೊರಗೆ ನಡೆದರು. ತೊಳೆದು ಬಡಿಸಿಟ್ಟೆ. ಸಂಜೆ ಬಂದು ಉಂಡರು. ಅವರು ಎಂದೂ ತಪ್ಪಾಯಿತು ಎನ್ನಲಿಲ್ಲ, ಬೈಗುಳವೂ ನಿಲ್ಲಲಿಲ್ಲ. ತಾಟು ಮಾತ್ರ ಮತ್ತೆ ಹಾರಲಿಲ್ಲ.

ಹೊಸ ಶತಮಾನದ ಆರಂಭದಲ್ಲಿ, ಜಯಂತಿಯ ದಿನ ಮಾವನನ್ನು ವೇದಿಕೆಗೆ ಕರೆದರು. ಶಾಂತಿಯ ಬಗ್ಗೆ ಚೆನ್ನಾಗಿಯೇ ಮಾತಾಡಿದರಂತೆ. ಅವರ ಭಾಷಣ ಕೇಳಲು ಅತ್ತೆಯೂ ನಾನೂ ಹೋಗಲಿಲ್ಲ. ಆ ಹೊತ್ತಿಗೆ ವ್ರತ ಹಿಡಿಯುವುದು ನಮ್ಮಿಬ್ಬರ ಪದ್ಧತಿಯಾಗಿತ್ತು. ಅಂದು ಅತ್ತೆ ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: “ಈ ವರ್ಷದ್ದು ನಾ ಹೇಳ್ತೀನಿ. ಬಾಜೂ ಮನ್ಯಾಂವ ಹೇಂತಿಗಿ ಬಡಿಯಾಕತ್ತಾನಲ್ಲ, ಆವಾಜು ಬಂದ ಕೂಡಲೇ ಹೋಗಿ ಅವರ ಕಟ್ಟಿ ಮ್ಯಾಲ ಕೂಡೋದು. ಏನೂ ಅನ್ನಂಗಿಲ್ಲ. ಬರೇ ಕೂಡೋದು.”

ಆ ವಾರವೇ ಹೋಗಿ ಕೂತೆವು. ಒಳಗಿನ ಗದ್ದಲ ತಟ್ಟನೆ ನಿಂತಿತು. ಬಾಗಿಲು ತೆರೆದು ಅವನು ಹೊರಗೆ ಬಂದ.

“ಇಲ್ಯಾಕ ಕುಂತೀರಿ ದೊಡ್ಡವ್ವಾ?”

“ಗಾಳಿಗಿ” ಎಂದರು ಅತ್ತೆ.

“ನಿಮ್ಮನಿ ಕಟ್ಟಿಗಿ ಗಾಳಿ ಇಲ್ಲೇನು?”

“ಅದ. ಆದ್ರ ನಮಗ ಇಲ್ಲೇ ಕೂಡಬೇಕಾಗ್ಯದ.”

ಅವನು ನಮ್ಮನ್ನು ದಾಟಿ ಬೀದಿಗೆ ಇಳಿದು ಹೋದ. ಅವನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಅತ್ತೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.